ಹಳೆಯ ಉಕ್ಕಿಗೆ ಯಾವ ಮದ್ದು?

ಆರಿದ್ರಾ ಮಳೆ ಹಿಡಿಯಿತೆಂದರೆ ಸೊರಬದ ಕಡೆಯ ಮನೆಗಳಲ್ಲಿ ಉಪ್ಪಿನ ಭರಣಿ ನೀರೊಡೆಯುತ್ತದೆ. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಸಂಜೆ ಒರೆಸಿಟ್ಟ ಕತ್ತಿಯ ಮೇಲೆ ಬೆಳಗಾಗುವಷ್ಟರಲ್ಲಿ ಕಾವಿ ಬಣ್ಣದ ಚುಕ್ಕಿಗಳು ಮೂಡಿರುತ್ತವೆ. ಪೂರ್ವಕ್ಕೆ ಶಿಕಾರಿಪುರದ ಕಡೆ ಸಾಗಿದಂತೆ ಮಳೆ ಇಳಿದು ಅರೆಮಲೆನಾಡು ಶುರುವಾದರೂ ಮಳೆಗಾಲದ ಗಾಳಿಯಲ್ಲಿ ತೇವ ತಪ್ಪಿದ್ದಲ್ಲ. ಈ ಸೀಮೆಯಲ್ಲಿ ಕಬ್ಬಿಣ ಇಟ್ಟುಕೊಳ್ಳುವುದೆಂದರೆ ದನ ಕಟ್ಟಿದ ಹಾಗೆ, ದಿನವೂ ಮೈ ತಡವಿ ನೋಡುತ್ತಿರಬೇಕು.

ಇದು ಬೇಟೆಯ ಸೀಮೆಯೂ ಆಗಿತ್ತು. ಕೆಳದಿ ಅರಸರ ಕಾಲದಲ್ಲಿ ಮಹಾದಾನಪುರವಾಗಿದ್ದ ಊರಿಗೆ ಶಿಕಾರಿಪುರ ಎಂಬ ಹೆಸರು ಬಂದದ್ದು ಹೈದರ್ ಇಲ್ಲವೇ ಟಿಪ್ಪುವಿನ ಕಾಲದಲ್ಲಿ, ಇಲ್ಲಿ ಸಿಕ್ಕ ಸಮೃದ್ಧ ಶಿಕಾರಿಯಿಂದಾಗಿ ಎಂದು ಗೆಜೆಟಿಯರ್‌ಗಳು ಹೇಳುತ್ತವೆ. 1972ರ ವನ್ಯಜೀವಿ ಕಾಯ್ದೆ ಶಿಕಾರಿಗೆ ತೆರೆ ಎಳೆಯಿತು. ಕೋವಿಗಳು ಮಾತ್ರ ಉಳಿದುಕೊಂಡವು. ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಕೇಪಿನ ಕೋವಿ, ತೋಟಾ ಕೋವಿಗಳನ್ನು ಇಟ್ಟುಕೊಂಡ ಮನೆಗಳು ಮಲೆನಾಡಿನಲ್ಲಿ ಇಂದಿಗೂ ಇವೆ. ಆಯುಧ ಪೂಜೆಯ ದಿನ ಅವಕ್ಕೆ ಕುಂಕುಮ, ಹೂವು. ಚುನಾವಣೆ ಬಂದರೆ ಪೊಲೀಸ್ ಠಾಣೆಯ ದಾರಿ.

ರಿವಾಲ್ವರ್ ಇಲ್ಲಿ ಅಪರೂಪ. ಆದರೆ ಹಳೆಯ ಉಕ್ಕಿನ ಕಷ್ಟ ಸುಖಗಳೆಲ್ಲ ಅಂಗೈಯಗಲದ ಆ ಯಂತ್ರದಲ್ಲಿ ಸೇರಿಕೊಂಡಿರುವುದರಿಂದ ಈ ಅಧ್ಯಾಯಕ್ಕೆ ಅದನ್ನೇ ಆರಿಸಿಕೊಂಡಿದ್ದೇನೆ. ನೂರು ವರ್ಷದ ರಿವಾಲ್ವರೊಂದು ನಿಮ್ಮ ಮುಂದಿದೆ ಎಂದುಕೊಳ್ಳಿ. ನಳಿಗೆಯ ಮೇಲೆ ಕಂದು ಕಲೆ, ಹಿಡಿಯ ಒಂದು ಪಕ್ಕ ಬಿರುಕು, ಸಿಲಿಂಡರ್ ತಿರುಗಿಸಿದರೆ ಅರ್ಧಕ್ಕೆ ತಡೆ. ಕೊಳ್ಳಬೇಕೆ? ಕೊಂಡರೆ ಏನನ್ನು ರಿಪೇರಿ ಮಾಡಬೇಕು, ಏನನ್ನು ಮುಟ್ಟದೆ ಬಿಡಬೇಕು?

ಕನ್ನಡದಲ್ಲಿ ಕಾಯಿಲೆ ವಾಸಿಮಾಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಈ ಹಳೆಯ ಉಕ್ಕಿಗೆ ಯಾವ ಮದ್ದು ಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

ಕಾನೂನು ಕೇಳುವ ಪ್ರಶ್ನೆ

ಈ ಪ್ರಶ್ನೆಯನ್ನು ನಮಗಿಂತ ಮೊದಲು ಕಾನೂನೇ ಕೇಳಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಮೊದಲು, ಆಯುಧ ಆಮೇಲೆ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಅಜ್ಜನಿಂದ ಬಂದದ್ದೂ ಈ ಲೆಕ್ಕದೊಳಗೇ. .455, 9 ಮಿ.ಮೀ. ಬೋರಿನ ಕೈಬಂದೂಕುಗಳು ನಿಷೇಧಿತ ಬೋರಿನ ಪಟ್ಟಿಯಲ್ಲಿರುವುದರಿಂದ, ಬ್ರಿಟಿಷ್ ಸೇನೆಯ ಪ್ರಸಿದ್ಧ .455 ವೆಬ್ಲಿ ರಿವಾಲ್ವರ್ ಸಾಮಾನ್ಯ ಲೈಸೆನ್ಸಿಗೆ ದಕ್ಕುವುದಿಲ್ಲ. ನಮ್ಮಲ್ಲಿ ಲೈಸೆನ್ಸಿನ ಮೇಲೆ ಸಿಗುವ ರಿವಾಲ್ವರ್ ಸಾಮಾನ್ಯವಾಗಿ .32 ಬೋರಿನದು. ಕಾಯ್ದೆಯ 5ನೇ ಕಲಮು ಆಯುಧ ತಯಾರಿಸುವುದು, ಮಾರುವುದರ ಜೊತೆಗೇ ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕೆನ್ನುತ್ತದೆ. ಎಷ್ಟೇ ಕೈಚಳಕದ ಕಮ್ಮಾರನಾದರೂ ಆ ಪತ್ರವಿಲ್ಲದೆ ಕೋವಿ ರಿಪೇರಿಗೆ ಕೈಹಾಕುವಂತಿಲ್ಲ.

ಇನ್ನೂ ಸೂಕ್ಷ್ಮವಾದ ಮಾತು 45ನೇ ಕಲಮಿನಲ್ಲಿದೆ. ಕಾಲ ಮೀರಿದ ಮಾದರಿಯ, ಪುರಾತನ ಮೌಲ್ಯದ ಇಲ್ಲವೇ ಕೆಟ್ಟುಹೋದ ಆಯುಧಕ್ಕೆ ಅಲ್ಲಿ ವಿನಾಯಿತಿಯುಂಟು. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಕೆಲಸಕ್ಕೆ ಬಾರದಂತಿರಬೇಕು ಎಂಬುದು ಷರತ್ತು. ಈಗ ಗುಂಡು ಹಾರುತ್ತದೆಯೇ ಎಂದಷ್ಟೇ ಕೇಳಿ ಕಾನೂನು ಸುಮ್ಮನಾಗುವುದಿಲ್ಲ. ಕೈಯಾಡಿಸಿದರೆ ಹಾರೀತೇ ಎಂದೂ ಕೇಳುತ್ತದೆ. ಉತ್ತರವನ್ನು ತೀರ್ಮಾನಿಸುವುದು ಅಧಿಕಾರಿಗಳು. ಆ ಉತ್ತರ ಅಡಗಿರುವುದು ಲೋಹದೊಳಗೆ. ವಿಜ್ಞಾನ ಶುರುವಾಗುವುದು ಅಲ್ಲಿಂದ.

ಆರು ಕೋಣೆ, ಒಂದೇ ಬಾಗಿಲು

ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ತನ್ನ ರಿವಾಲ್ವರಿಗೆ ಪೇಟೆಂಟ್ ಪಡೆದದ್ದು 1836ರಲ್ಲಿ. ಕೇಪಿಗೆ ಬಡಿಯುವ ಕುದುರೆಯನ್ನು ಹಿಂದಕ್ಕೆ ಎಳೆದರೆ ಪುಟ್ಟದೊಂದು ಕೊಕ್ಕೆ ಸಿಲಿಂಡರಿನ ಹಿಂಬದಿಯ ಹಲ್ಲನ್ನು ದೂಡಿ ಅದನ್ನು ಒಂದು ಹೆಜ್ಜೆ ತಿರುಗಿಸುತ್ತದೆ. ಅದೇ ಹೊತ್ತಿಗೆ ಕೆಳಗಿನಿಂದ ಒಂದು ಅಗುಳಿ ಎದ್ದು ಸಿಲಿಂಡರಿನ ಹೊರಮೈಯ ಗುಳಿಯಲ್ಲಿ ಕೂತು ಅದನ್ನು ಅಲ್ಲಾಡದಂತೆ ಹಿಡಿಯುತ್ತದೆ. ಆರು ಕೋಣೆಗಳಿಗೂ ಹೊರಹೋಗುವ ಬಾಗಿಲು ಒಂದೇ, ನಳಿಗೆ. ಪ್ರತಿ ಕೋಣೆಯೂ ತನ್ನ ಸರದಿ ಬಂದಾಗ ಕೂದಲೆಳೆಯಷ್ಟೂ ಓರೆಯಾಗದೆ ಆ ಬಾಗಿಲಿಗೆ ಎದುರಾಗಬೇಕು.

ಕೊಕ್ಕೆ ಸವೆದರೆ ಸಿಲಿಂಡರ್ ಗುರಿ ಮುಟ್ಟುವ ಮೊದಲೇ ನಿಲ್ಲುತ್ತದೆ. ಅಗುಳಿ ಸವೆದರೆ ಗುರಿ ದಾಟಿ ಜಾರುತ್ತದೆ. ಆಗ ಸೀಸದ ಗುಂಡಿನ ಅಂಚು ನಳಿಗೆಯ ಬಾಯಿಗೆ ಉಜ್ಜಿ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಹಲ್ಲುಗಳು ಒಂದೇ ಸಮ ಸವೆಯುವುದಿಲ್ಲವಾದ್ದರಿಂದ ಐದು ಕೋಣೆ ಸರಿಯಿದ್ದು ಆರನೆಯದು ಕೆಟ್ಟಿರಬಹುದು. ಹಾಗಾಗಿ ಹಳೆಯ ರಿವಾಲ್ವರನ್ನು ಪರೀಕ್ಷಿಸುವ ಬಲ್ಲವರು, ಆಯುಧ ಖಾಲಿಯಿದೆಯೆಂದು ಕಣ್ಣಾರೆ ಖಚಿತಪಡಿಸಿಕೊಂಡು, ಆರೂ ಕೋಣೆಗಳನ್ನು ಬೇರೆ ಬೇರೆಯಾಗಿಯೇ ನೋಡುತ್ತಾರೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವಂಥದ್ದಲ್ಲ. ಅಗುಳಿ ಕೂರುವ ಗುಳಿಗಳನ್ನು ಅನೇಕ ಆರು ಗುಂಡಿನ ಮಾದರಿಗಳಲ್ಲಿ ಕೋಣೆಯ ನೆತ್ತಿಯ ಮೇಲೇ ಕೊರೆದಿರುತ್ತಾರೆ. ಸಿಲಿಂಡರಿನ ಗೋಡೆ ಅತ್ಯಂತ ತೆಳುವಾಗಿರುವುದು ಅಲ್ಲೇ. ಒಳಗಿನಿಂದ ತುಕ್ಕು ಅದೇ ಜಾಗವನ್ನು ಕೊರೆದಿದ್ದರೆ ಒತ್ತಡ ತಾಳುವ ಉಕ್ಕು ಎಷ್ಟು ಉಳಿದಿದೆ ಎಂದು ಹೊರಮೈಯ ಹೊಳಪು ನೋಡಿ ಹೇಳಲಾಗದು.

ಎಷ್ಟು ಒತ್ತಡ ಎಂಬುದು ಮದ್ದಿನ ಮಾತು. ಕಪ್ಪು ಮದ್ದಿನ ಹದ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ರೂಪಿಸಿದ ಮೇಲೆ ಲೆಕ್ಕವೇ ಬದಲಾಯಿತು. ಒತ್ತಡ ಏರಿದಷ್ಟೂ ಹೊಸ ಮದ್ದು ಇನ್ನೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಇನ್ನೂ ಏರುತ್ತದೆ. ಕಪ್ಪು ಮದ್ದಿನಲ್ಲಿ ಈ ಸರಪಳಿ ಇಷ್ಟು ಬಿಗಿಯಲ್ಲ. ಕಪ್ಪು ಮದ್ದಿನ ಕಾಲದ ಲೋಹಕ್ಕೆ ಹೊಸ ಕಾಲದ ತೋಟಾ ಹಾಕುವುದೆಂದರೆ ಮುದಿ ಎತ್ತಿಗೆ ಟ್ರ್ಯಾಕ್ಟರಿನ ಹೊರೆ ಹೇರಿದಂತೆ.

ಲೋಹಕ್ಕೆ ಒಂದು ಮಿತಿಯಿದೆ ಎಂಬ ಅರಿವು ಕಪ್ಪು ಮದ್ದಿನ ಕಾಲದವರಿಗೂ ಇತ್ತು. ಬರ್ಮಿಂಗ್‌ಹ್ಯಾಮಿನಲ್ಲಿ 1813ರ ಕಾಯ್ದೆಯಡಿ ಬಂದೂಕುಗಳ ಪರೀಕ್ಷಾ ಗೃಹವೇ ಸ್ಥಾಪನೆಯಾಯಿತು. ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಒಮ್ಮೆ ಹಾರಿಸಿ, ತಾಳಿಕೊಂಡ ಲೋಹಕ್ಕೆ ಮುದ್ರೆ ಒತ್ತುತ್ತಿದ್ದರು. ಆ ಪುಟ್ಟ ಮುದ್ರೆ ಯಾವ ಮದ್ದಿಗೆ ಈ ಲೋಹ ತಕ್ಕದ್ದು ಎಂಬುದರ ಸಾಕ್ಷಿಪತ್ರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉಪ್ಪಿನ ಭರಣಿಯ ಪಾಠ

ತುಕ್ಕು ಹಿಡಿಯಲು ಮಳೆ ನೀರೇ ಬೀಳಬೇಕೆಂದಿಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ. 60 ದಾಟಿದರೆ ಕಬ್ಬಿಣದ ಮೈಮೇಲೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂರುತ್ತದೆ. ಆ ಪೊರೆಯೊಳಗೆ ಲೋಹದ ಒಂದು ಜಾಗ ಎಲೆಕ್ಟ್ರಾನ್ ಕಳೆದುಕೊಂಡು ಕರಗುತ್ತದೆ, ಪಕ್ಕದ ಜಾಗದಲ್ಲಿ ಆಮ್ಲಜನಕ ಆ ಎಲೆಕ್ಟ್ರಾನ್ ಪಡೆಯುತ್ತದೆ. ಸಾಸಿವೆಯಷ್ಟು ಕಲೆಯೂ ಒಂದು ಪುಟ್ಟ ಬ್ಯಾಟರಿ. ಹುಟ್ಟುವ ತುಕ್ಕು ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹಳೆಯ ಸ್ಕ್ರೂಗಳು ಕಚ್ಚಿಕೊಂಡು ಬಾರದಿರುವುದು ಇದರಿಂದಲೇ. ಬಲ ಹಾಕಿ ತಿರುಗಿಸಿದರೆ ಮುರಿಯುವುದು ತುಕ್ಕಲ್ಲ, ಸ್ಕ್ರೂವಿನ ತಲೆ.

ಅಡುಗೆ ಉಪ್ಪು ಶೇ. 75ರ ತೇವಾಂಶ ದಾಟಿದರೆ ಗಾಳಿಯ ನೀರು ಹೀರಿ ಕರಗತೊಡಗುತ್ತದೆ. ನಮ್ಮ ಉಪ್ಪಿನ ಭರಣಿ ನೀರೊಡೆಯಿತೆಂದರೆ ಕಬ್ಬಿಣಕ್ಕೆ ಅಪಾಯದ ಗಂಟೆ ಆಗಲೇ ಬಾರಿಸಿಯಾಗಿದೆ ಎಂದರ್ಥ. ಹಳೆಯ ಕೋವಿಯ ಹೊಟ್ಟೆಯೊಳಗೂ ಇಂಥದೇ ಉಪ್ಪು ಹುಟ್ಟುತ್ತಿತ್ತು. ಹಳೆಯ ಕೇಪುಗಳಲ್ಲಿ ಪಾದರಸದ ಫಲ್ಮಿನೇಟಿನ ಜೊತೆ ಪೊಟ್ಯಾಸಿಯಂ ಕ್ಲೋರೇಟ್ ಬಳಸುತ್ತಿದ್ದರು. ಅದು ಸಿಡಿದಾಗ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಖಾಸಾ ತಮ್ಮ. ಸುಮಾರು ಶೇ. 84ರಲ್ಲಿ ಅದು ನೀರೊಡೆಯುತ್ತದೆ. ಮಲೆನಾಡಿನ ಆಷಾಢದ ರಾತ್ರಿಗೆ ಅದೇನು ದೊಡ್ಡ ಮಟ್ಟವಲ್ಲ. ಕಪ್ಪು ಮದ್ದು ಉರಿದಾಗಲೂ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಘನ ಲವಣಗಳಾಗಿ ಮಸಿಯಂತೆ ಉಳಿಯುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಅದರ ಮೇಲೆ ಎಷ್ಟು ಎಣ್ಣೆ ಹಚ್ಚಿದರೂ ಗಾಯಕ್ಕೆ ಮಣ್ಣು ಸೇರಿಸಿ ಪಟ್ಟಿ ಕಟ್ಟಿದಂತೆ. ಅದಕ್ಕೇ ಇಂಥ ಕೋವಿಗಳ ನಳಿಗೆಯನ್ನು ಮೊದಲು ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಆರಿಸಿ, ಆಮೇಲೆ ಎಣ್ಣೆ ಹಚ್ಚುವ ಪದ್ಧತಿ ಬೆಳೆಯಿತು. ಕಬ್ಬಿಣಕ್ಕೆ ನೀರು ತಾಗಿಸುವುದೇ ಎಂದು ಬೆಚ್ಚುವಂತಿದ್ದರೂ ರಸಾಯನಶಾಸ್ತ್ರ ಆ ಪದ್ಧತಿಯ ಪರವಾಗಿದೆ.

ಕೋವಿಯನ್ನು ಒಲೆಯ ಕಾವು ತಾಗುವ ಕಡೆ ಇಡುವುದರಲ್ಲೂ ಲೆಕ್ಕವಿದೆ. 25 ಡಿಗ್ರಿಯಲ್ಲಿ ಶೇ. 90 ತೇವಾಂಶವಿರುವ ಗಾಳಿಯನ್ನು 35 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆ, ಸಾಪೇಕ್ಷ ತೇವಾಂಶ ಸುಮಾರು ಶೇ. 50ಕ್ಕೆ ಇಳಿಯುತ್ತದೆ. ತುಕ್ಕಿನ ಹೊಸ್ತಿಲಿಗಿಂತ ಅದು ಕೆಳಗೆ. ಬದಲಿಗೆ ಅಂದದ ಚರ್ಮದ ಚೀಲದಲ್ಲಿ ರಿವಾಲ್ವರನ್ನು ವರ್ಷಗಟ್ಟಲೆ ಮುಚ್ಚಿಟ್ಟರೆ, ಚರ್ಮ ತೇವ ಹೀರಿ, ತನ್ನ ಹದದಲ್ಲಿ ಉಳಿದ ಆಮ್ಲ ಮತ್ತು ಲವಣಗಳ ಜೊತೆ ಅದನ್ನು ಲೋಹಕ್ಕೆ ಒತ್ತಿ ಹಿಡಿಯುತ್ತದೆ. ಅನೇಕ ಹಳೆಯ ರಿವಾಲ್ವರುಗಳ ಒಂದೇ ಮಗ್ಗುಲು ಕೆಟ್ಟಿರಲು ಇದೊಂದು ಕಾರಣ.

ಬೆಂಕಿ ಬರೆದ ಅಕ್ಷರ

ತುಕ್ಕು ಕಂಡರೆ ಉಜ್ಜುವ ಆಸೆಯಾಗುತ್ತದೆ, ಸ್ಕ್ರೂ ಕಚ್ಚಿದರೆ ಕಾಯಿಸುವ ಆಸೆ. ಎರಡಕ್ಕೂ ಮುನ್ನ ಆ ಲೋಹ ಹೇಗೆ ಹದಗೊಂಡಿದೆಯೆಂದು ತಿಳಿಯಬೇಕು.

ಹಳೆಯ ಬಂದೂಕುಗಳ ಕುದುರೆ, ಟ್ರಿಗರಿನಂಥ ಭಾಗಗಳನ್ನು ಹಲವು ಕಡೆ ಮೆದು ಕಬ್ಬಿಣದಲ್ಲಿ ಮಾಡಿ, ಮೂಳೆ ಮತ್ತು ಚರ್ಮದ ಇದ್ದಿಲಿನೊಡನೆ ಪೆಟ್ಟಿಗೆಯಲ್ಲಿ ಮುಚ್ಚಿ ಸುಮಾರು 900 ಡಿಗ್ರಿಗೆ ಕಾಯಿಸುತ್ತಿದ್ದರು. ಇಂಗಾಲ ನಿಧಾನವಾಗಿ ಒಳಗಿಳಿಯುತ್ತದೆ. ಕೊನೆಗೆ ನೀರಿಗೆ ಬಿಟ್ಟಾಗ ಹೊರಚರ್ಮ ಗಾಜಿನಂತೆ ಗಡಸು, ಒಳಗಿನ ತಿರುಳು ಪೆಟ್ಟು ತಾಳುವಷ್ಟು ಮೆದು. ಈ ಚರ್ಮ ಹಲವು ಬಾರಿ ಒಂದು ಮಿಲಿಮೀಟರಿಗಿಂತಲೂ ತೆಳು. ಅರ ಹಾಕಿ ಒಮ್ಮೆ ಅದನ್ನು ದಾಟಿದರೆ ಒಳಗೆ ಸಿಗುವುದು ಬರೀ ಮೆದು ಕಬ್ಬಿಣ. ಮುಂದಿನ ಸವೆತ ಬಿರುಸು.

ಸ್ಪ್ರಿಂಗಿನದು ಮತ್ತೊಂದು ಕಥೆ. ನಮ್ಮ ಕಮ್ಮಾರ ಕತ್ತಿಗೆ ಹದ ಹಾಕುವಾಗ ಕಣ್ಣಿಡುವುದು ಬಣ್ಣದ ಮೇಲೆ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕನ್ನು ಕಾಯಿಸುತ್ತ ಹೋದರೆ ಸುಮಾರು 230 ಡಿಗ್ರಿಗೆ ಹುಲ್ಲಿನ ಹಳದಿ ಮೂಡುತ್ತದೆ, 300ರ ಸುಮಾರಿಗೆ ನವಿಲು ನೀಲಿ. ಮೇಲೆ ಬೆಳೆಯುವ ಆಕ್ಸೈಡಿನ ಪೊರೆ ದಪ್ಪವಾದಂತೆ ಬೆಳಕಿನ ಅಲೆಗಳು ಒಂದನ್ನೊಂದು ಅಳಿಸಿ ಉಳಿಸಿ ಈ ಬಣ್ಣ ತೋರಿಸುತ್ತವೆ, ನೀರಿನ ಮೇಲೆ ಚೆಲ್ಲಿದ ಎಣ್ಣೆಯ ಹಾಗೆ. ಹಳದಿಯ ಹದ ಅಲಗಿಗೆ, ನೀಲಿಯ ಹದ ಸ್ಪ್ರಿಂಗಿಗೆ. ಕಚ್ಚಿದ ಸ್ಕ್ರೂ ಬಿಡಿಸಲು ಗ್ಯಾಸಿನ ಉರಿ ಹಿಡಿದರೆ ಪಕ್ಕದ ಸ್ಪ್ರಿಂಗ್ ಈ ಮೆಟ್ಟಿಲುಗಳನ್ನೆಲ್ಲ ದಾಟಿ ತನ್ನ ಚೈತನ್ಯ ಕಳೆದುಕೊಳ್ಳುತ್ತದೆ. ತೆಳು ಎಣ್ಣೆ ಹನಿಸಿ ದಿನಗಟ್ಟಲೆ ಕಾಯುವುದೇ ಅಲ್ಲಿ ದೊಡ್ಡ ಉಪಕರಣ.

ಹಳೆಯ ರಿವಾಲ್ವರಿನ ಮೈಯ ಕಪ್ಪು ನೀಲಿ ಬಣ್ಣವೂ ಬಳಿದದ್ದಲ್ಲ. ಅದನ್ನು ತರುವ ಒಂದು ಹಳೆಯ ವಿಧಾನದಲ್ಲಿ ಉಕ್ಕಿಗೆ ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಬೇಯಿಸುತ್ತಾರೆ. ಕೆಂಪು ತುಕ್ಕು ಕಪ್ಪು ಮ್ಯಾಗ್ನೆಟೈಟ್ ಆಗುತ್ತದೆ. ಸಡಿಲ ಪುಡಿಯನ್ನು ಉಜ್ಜಿ ತೆಗೆದು ಮತ್ತೆ ತುಕ್ಕು, ಮತ್ತೆ ಕುದಿನೀರು. ಹೀಗೆ ಪದರದ ಮೇಲೆ ಪದರ ಕೂತಾಗ ತಿನ್ನುವ ತುಕ್ಕೇ ಕಾಯುವ ಕವಚವಾಗುತ್ತದೆ. ಸ್ಯಾಂಡ್‌ಪೇಪರ್ ಹಿಡಿದವರು ಕೆಂಪಿನ ಜೊತೆಗೆ ಈ ಕಪ್ಪನ್ನೂ ಕಿತ್ತುಹಾಕುತ್ತಾರೆ.

ಮೆಟ್ಟುಗತ್ತಿಯ ಕಪ್ಪು

ಕೆಂಪು ತುಕ್ಕನ್ನು ಕಿತ್ತುಹಾಕದೆ ಪಳಗಿಸುವ ಇನ್ನೊಂದು ದಾರಿಯನ್ನು ಅಡಿಕೆ ಸೀಮೆಯವರು ದಿನವೂ ನೋಡಿರುತ್ತಾರೆ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದರೆ ಕತ್ತಿಯ ಅಲಗೂ ಕೈಬೆರಳೂ ಕಪ್ಪಾಗುತ್ತವೆ, ಸೋಪಿಗೂ ಬಗ್ಗದ ಕಪ್ಪು. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಹುಟ್ಟುವ ಸಂಯುಕ್ತ ಅದು. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ರಸಾಯನದಿಂದ.

ವಸ್ತುಸಂಗ್ರಹಾಲಯಗಳ ಸಂರಕ್ಷಕರು ಹಳೆಯ ಕಬ್ಬಿಣದ ಮೇಲಿನ ಸಡಿಲ ತುಕ್ಕನ್ನು ಮೆಲ್ಲಗೆ ತೆಗೆದು, ಕಚ್ಚಿಕೊಂಡು ಉಳಿದದ್ದಕ್ಕೆ ಟ್ಯಾನಿಕ್ ಆಮ್ಲದ ತೆಳು ದ್ರಾವಣ ಸವರುತ್ತಾರೆ. ತುಕ್ಕು ನೀಲಿಗಪ್ಪಾದ ಟ್ಯಾನೇಟ್ ಆಗಿ, ಮುಂದಿನ ತುಕ್ಕಿನ ವೇಗ ಇಳಿಯುತ್ತದೆ. ಮೇಲೊಂದು ಮೇಣದ ಲೇಪ. ಮೂಲ ಕಬ್ಬಿಣದ ಒಂದು ಪದರವನ್ನೂ ಉಜ್ಜಿ ಕಳೆಯದ ಚಿಕಿತ್ಸೆ ಇದು. ಆದರೆ ಹಳೆಯ ಕಪ್ಪು ಕವಚ ಗಟ್ಟಿಯಾಗಿ ಉಳಿದಿರುವ ಕಡೆ ಇದೂ ಬೇಡ. ಅಲ್ಲಿಗೆ ತೆಳ್ಳಗೆ ಎಣ್ಣೆಯ ಕೈ ಸಾಕು. ಎಲ್ಲಕ್ಕೂ ಒಂದೇ ಔಷಧ ಹಚ್ಚುವುದು ವೈದ್ಯವಲ್ಲ.

ಬಿರುಕು ಬಿಟ್ಟ ಮರದ ಹಿಡಿಗೂ ಇದೇ ನ್ಯಾಯ. ಸೊರಬ, ಸಾಗರಗಳು ಗುಡಿಗಾರರ ಊರುಗಳು. ಶ್ರೀಗಂಧದ ಕೆತ್ತನೆಯಲ್ಲಿ ಹೆಸರಾದ ಈ ಸಮುದಾಯದ ಕೈಗೆ ಮರದ ಎಳೆ ಯಾವ ಕಡೆ ಓಡುತ್ತದೆಂದು ಹೇಳಿಕೊಡಬೇಕಾಗಿಲ್ಲ. ಮರ ಮಳೆಗಾಲದಲ್ಲಿ ಎಳೆಗೆ ಅಡ್ಡಲಾಗಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಅಷ್ಟಾಗಿ ಕದಲುವುದಿಲ್ಲ. ಹೊಸ ತುಂಡನ್ನು ಹಳೆಯ ಎಳೆಯ ದಿಕ್ಕಿಗೇ ಕೂರಿಸದಿದ್ದರೆ ಒಂದೆರಡು ಮಳೆಗಾಲದಲ್ಲಿ ಬೆಸುಗೆ ಬಿಡುತ್ತದೆ. 1964ರ ವೆನಿಸ್ ಸನ್ನದು ಸ್ಮಾರಕಗಳಿಗೆ ಹೇಳಿದ ನಿಯಮ ಈ ಪುಟ್ಟ ಹಿಡಿಗೂ ಸಲ್ಲುತ್ತದೆ: ಹೊಸದು ಹಳೆಯದರ ಜೊತೆ ಹೊಂದಿಕೊಳ್ಳಬೇಕು, ಆದರೆ ಹೊಸದೆಂದು ಗುರುತು ಸಿಗಬೇಕು.

ತಾಳಗುಂದದ ಕಂಬ, ನಗರದ ಬಾವಿ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದೆದುರು ಒಂದು ಕಲ್ಲಿನ ಕಂಬವಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದ ಮಧ್ಯದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಶಾಸನ ಅದರ ಮೇಲಿದೆ. ಕಲಿಯಲು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಆಯುಧ ಹಿಡಿದ ಕಥೆಯನ್ನು ನಾವು ಅರಿತದ್ದು ಆ ಅಕ್ಷರಗಳಿಂದ. ಕಂಬ ಮಾಸಿದೆಯೆಂದು ಯಾರಾದರೂ ಅದನ್ನು ಯಂತ್ರ ಹಿಡಿದು ಪಾಲಿಶ್ ಮಾಡಿದ್ದರೆ? ಹೊಳೆಯುವ ಕಲ್ಲು ಉಳಿಯುತ್ತಿತ್ತು, ಮಯೂರ ಉಳಿಯುತ್ತಿರಲಿಲ್ಲ.

ಹಳೆಯ ರಿವಾಲ್ವರಿನ ಮೇಲಿನ ಪರೀಕ್ಷಾ ಮುದ್ರೆ, ತಯಾರಕರ ಹೆಸರು, ಕ್ರಮಸಂಖ್ಯೆ ಅದರ ಶಾಸನ. ಬಫಿಂಗ್ ಚಕ್ರಕ್ಕೆ ಹಿಡಿದರೆ ಅಂಚುಗಳು ಮೊಂಡಾಗಿ ಅಕ್ಷರಗಳು ಅಳಿಯುತ್ತವೆ. ಕ್ರಮಸಂಖ್ಯೆ ಅಳಿಸುವುದು ಕಾನೂನಿನ ಕಣ್ಣಿನಲ್ಲೂ ಅಪರಾಧ. ಯಾವ ಮದ್ದಿಗೆ ತಕ್ಕ ಲೋಹವೆಂದು ಹೇಳುವ ಏಕೈಕ ಸಾಕ್ಷಿಯೂ ಅದರ ಜೊತೆ ಹೋಗುತ್ತದೆ.

ಸಾಕ್ಷಿಯ ಬೆಲೆ ತಿಳಿಯಲು ಇದೇ ಶಿವಮೊಗ್ಗ ಜಿಲ್ಲೆಯ ನಗರಕ್ಕೆ ಹೋಗಬೇಕು. ಕೆಳದಿ ಅರಸರ ರಾಜಧಾನಿ ಬಿದನೂರು ಅದು. 1763ರಲ್ಲಿ ಹೈದರನ ವಶವಾಯಿತು. 2002ರಲ್ಲಿ ಅಲ್ಲಿ ಬಾವಿಯೊಂದರ ಹೂಳೆತ್ತುವಾಗ ಕಬ್ಬಿಣದ ಕೊಳವೆಗಳು ಸಿಕ್ಕವು. ಮೊದಲು ಅವನ್ನು ಫಿರಂಗಿಯ ಗುಂಡುಗಳೆಂದು ಎಣಿಸಿದ್ದರು, ವರ್ಷಗಳ ನಂತರ ಮೈಸೂರಿನ ರಾಕೆಟ್‌ಗಳೆಂದು ಗುರುತಾಯಿತು. 2018ರ ಜುಲೈನಲ್ಲಿ ರಾಜ್ಯ ಪುರಾತತ್ವ ಇಲಾಖೆ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಕಬ್ಬಿಣದ ಕವಚವಿದ್ದುದರಿಂದ ಹೆಚ್ಚು ಒತ್ತಡ ತಾಳಿ ಹೆಚ್ಚು ದೂರ ಹಾರಿದ ಆಯುಧ ಅದು. ಇಂಗ್ಲೆಂಡಿನ ಕಾಂಗ್ರೀವ್ ರಾಕೆಟ್ಟಿಗೆ ಪ್ರೇರಣೆಯಾದದ್ದು. 2002ರಲ್ಲಿ ಸಿಕ್ಕವನ್ನು ಉಜ್ಜಿ, ಒಳಗಿನದನ್ನು ಕೆರೆದೆಸೆದು ಬಣ್ಣ ಬಳಿದಿದ್ದರೆ ಅವು ರಾಕೆಟ್ ಎಂದು ಗುರುತಾಗುವ ದಾರಿಯೇ ಮುಚ್ಚುತ್ತಿತ್ತು. ಹಾರಲಾರದ, ತುಕ್ಕು ಹಿಡಿದ ಆ ಕೊಳವೆಗಳು ಜಗತ್ತಿನ ರಾಕೆಟ್ ಚರಿತ್ರೆಯ ಸಾಕ್ಷಿಗಳಾದದ್ದು ಇದ್ದ ಸ್ಥಿತಿಯಲ್ಲಿ ಉಳಿದದ್ದರಿಂದ.

ಮತ್ತೆ ನಮ್ಮ ಮುಂದಿರುವ ರಿವಾಲ್ವರಿಗೆ ಬರೋಣ. ದಾರಿಗಳು ಮೂರು: ಮತ್ತೆ ಗುಂಡು ಹಾರುವಂತೆ ಮಾಡುವುದು, ಹೊಸದರಂತೆ ಹೊಳೆಯಿಸುವುದು, ಇದ್ದಂತೆ ನಿಲ್ಲಿಸಿ ಮುಂದಿನ ಕೇಡು ತಡೆಯುವುದು. ಮೊದಲನೆಯದು ಲೈಸೆನ್ಸಿರುವ ಕುಶಲಕರ್ಮಿಯ ಪರೀಕ್ಷೆಗೆ ಸೇರಿದ್ದು. ತೆಳುಗೋಡೆಯ, ಕಪ್ಪು ಮದ್ದಿನ ಕಾಲದ ಸಿಲಿಂಡರಿಗೆ ಅದು ಸಲ್ಲದ ಆಸೆ. ಎರಡನೆಯದು ಶಾಸನ ಅಳಿಸುವ ಕೆಲಸ. ನಾನು ಮೂರನೆಯದರ ಪರ, ಹಿಂಜರಿಕೆಯಿಲ್ಲದೆ. ಹಚ್ಚಿದ ಎಣ್ಣೆ ಒರೆಸಬಹುದು, ಮೇಣ ಕರಗಿಸಬಹುದು, ಕೂರಿಸಿದ ಮರ ಬಿಡಿಸಬಹುದು. ಅರ ತಿಂದ ಉಕ್ಕನ್ನು ಯಾರೂ ಮರಳಿ ತರಲಾರರು. ನಮಗಿಂತ ಹೆಚ್ಚು ಬಲ್ಲವರು ನಾಳೆ ಬಂದಾಗ ಅವರಿಗೆ ಓದಲು ಏನಾದರೂ ಉಳಿದಿರಬೇಕು.

ಹಾಗಾಗಿ ಈ ಉಕ್ಕಿಗೆ ಸಿಡಿಯುವ ಮದ್ದಿನ ಕಾಲ ಮುಗಿಯಿತು. ಈಗ ಬೇಕಾದದ್ದು ಇನ್ನೊಂದು ಮದ್ದು, ಅದೂ ಹನಿಯಷ್ಟು. ಮುಂದಿನ ಆರಿದ್ರಾ ಮಳೆಗೆ ಉಪ್ಪಿನ ಭರಣಿ ನೀರೊಡೆದ ದಿನ ಒಣ ಬಟ್ಟೆಯಿಂದ ಒಮ್ಮೆ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಮುದ್ರೆಗಳನ್ನು ಬೆಳಕಿಗೆ ಹಿಡಿದು ಓದಿ, ಬೆಚ್ಚನೆಯ ಜಾಗದಲ್ಲಿ ಬೀಗ ಹಾಕಿ ಇಡುವುದು.